ಮಗುಗೆ ಬ್ಲಡ್ ಕ್ಯಾನ್ಸರ್ ಅಂದ್ರು, ನಾಳೆ ಬೆಳಿಗ್ಗೆಯಿಂದ ಏನೇನು ಮಾಡ್ಬೇಕು

ಮೊದಲು ಒಂದು ಕೆಲಸ ಮಾಡಿ, ಮೆಡಿಕಲ್ ಶಾಪಿಗೆ ಹೋಗಿ ಎರಡು ಡಿಜಿಟಲ್ ಥರ್ಮಾಮೀಟರ್ ತಗೊಂಡು ಬನ್ನಿ. ಒಂದು ಮನೇಲಿರ್ಲಿ, ಇನ್ನೊಂದು ಆಸ್ಪತ್ರೆ ಬ್ಯಾಗಲ್ಲಿ. ಯಾಕೆ ಎರಡು ಅಂದ್ರೆ ರಾತ್ರಿ ಹೊತ್ತಲ್ಲಿ ಒಂದರ ಸೆಲ್ ಹೋಗಿದೆ ಅಂತ ಗೊತ್ತಾದ್ರೆ ಅಷ್ಟೊತ್ತಲ್ಲಿ ಯಾವ ಅಂಗಡೀನೂ ತೆಗೆದಿರಲ್ಲ, ನಮಗೆ ಆಗಿದ್ದೂ ಅದೇ, ಆ ಕಥೆ ಮುಂದೆ ಬರುತ್ತೆ.

ನಮ್ಮ ಪುಟ್ಟಿಗೆ ನಾಲ್ಕು ವರ್ಷ ಇದ್ದಾಗ ಕಾಲು ನೋವು ಅಂತ ಶುರುವಾಯ್ತು. ಬೆಳೆಯೋ ಮಕ್ಕಳಿಗೆ ಅದೆಲ್ಲಾ ಇದ್ದಿದ್ದೇ ಅಂತ ಎಲ್ಲರೂ ಅಂದ್ರು, ನಾವೂ ನೋವಿನೆಣ್ಣೆ ತಿಕ್ಕಿ ಮಲಗಿಸ್ತಿದ್ವಿ. ಆಮೇಲೆ ಮುಖ ಬಿಳಿಚ್ಕೊಂಡ್ತು, ಮೆಟ್ಟಿಲು ಹತ್ತೋಕೆ ಎತ್ಕೋ ಅಂತ ಅಳೋಳು, ತೊಡೆ ಮೇಲೆ ಬಿದ್ದ ಗುರುತಿಲ್ಲದೇ ನೀಲಿ ಕಲೆ, ಹಲ್ಲುಜ್ಜುವಾಗ ವಸಡಲ್ಲಿ ರಕ್ತ. ಒಂದು ಸಿಬಿಸಿ, ಅಂದ್ರೆ ರಕ್ತದ ಕಣ ಎಣಿಸೋ ಟೆಸ್ಟು, ಮಾಡಿಸಿದಾಗ ಹಿಮೋಗ್ಲೋಬಿನ್ ಐದೂವರೆ, ಪ್ಲೇಟ್‌ಲೆಟ್ ಹದಿನೆಂಟು ಸಾವಿರ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರ್ಬೇಕಾದ್ದು. ನಾಲ್ಕು ದಿನದಲ್ಲಿ ಎ.ಎಲ್.ಎಲ್. ಅನ್ನೋ ಥರದ ಬ್ಲಡ್ ಕ್ಯಾನ್ಸರ್ ಅಂತ ಹೇಳಿದ್ರು, ಮಕ್ಕಳಿಗೆ ಬರೋ ಕ್ಯಾನ್ಸರಲ್ಲಿ ಅತಿ ಹೆಚ್ಚು ಬರೋದು ಇದೇ, ಮದ್ದು ಚೆನ್ನಾಗಿ ಕೆಲಸ ಮಾಡೋ ಕಾಯಿಲೇನೂ ಇದೇ. ಈಗ ಅವಳು ಎರಡನೇ ಕ್ಲಾಸು. ನಾನು ಡಾಕ್ಟರಲ್ಲ, ಎರಡೂವರೆ ವರ್ಷ ವಾರ್ಡಲ್ಲಿ ಚಾಪೆ ಹಾಸ್ಕೊಂಡು ಮಲಗಿದ ಅಪ್ಪ ಅಷ್ಟೆ. ಔಷಧಿ ಡೋಸು ನಿಮ್ಮ ಡಾಕ್ಟ್ರು ಹೇಳಿದ್ದೇ ಕೊನೆ. ಆದ್ರೆ ಡಾಕ್ಟ್ರ ಕೈಯಲ್ಲಿ ಇಲ್ಲದೇ ನಮ್ಮ ಕೈಯಲ್ಲಿ ಇರೋ ಕೆಲಸ ಬಹಳ ಇದೆ, ಅದನ್ನ ಯಾರೂ ಕೂರಿಸಿ ಹೇಳಲ್ಲ, ಅದಕ್ಕೇ ಬರೀತಿದೀನಿ.

ಮೊದಲ ವಾರ: ಏನೂ ಮುಟ್ಟಬೇಡಿ, ಎಲ್ಲಾ ಬರೆದಿಡಿ

ಡೌಟ್ ಬಂದ ತಕ್ಷಣ ಊರಲ್ಲೇ ಯಾರಾದ್ರೂ ಸ್ಟಿರಾಯ್ಡ್ ಸಿರಪ್ಪೋ ಮಾತ್ರೆಯೋ ಕೊಡೋಕೆ ಬಂದ್ರೆ ಬೇಡ ಅನ್ನಿ, ಖಚಿತ ಆಗೋ ತನಕ ಬೇಡ. ಸ್ಟಿರಾಯ್ಡ್ ಈ ಕಾಯಿಲೆಗೆ ಔಷಧಿನೂ ಹೌದು, ಹಾಗಾಗಿ ನಾಲ್ಕು ದಿನ ಕೊಟ್ಟ್ರೆ ಮಗು ಲವಲವಿಕೆಯಿಂದ ಆಡುತ್ತೆ, ಕೆಟ್ಟ ಕಣ ಅಡಗಿಕೊಳ್ಳುತ್ತೆ, ಆಮೇಲೆ ಬೋನ್ ಮ್ಯಾರೋ ಟೆಸ್ಟಲ್ಲಿ ಸರಿಯಾಗಿ ಸಿಗಲ್ಲ, ಯಾವ ಥರದ್ದು ಎಷ್ಟು ರಿಸ್ಕಿಂದು ಅಂತ ತೀರ್ಮಾನ ಮಾಡೋದು ಡಾಕ್ಟ್ರಿಗೇ ಕಷ್ಟ ಆಗುತ್ತೆ. ಈಗಾಗ್ಲೇ ಕೊಟ್ಟಾಗಿದ್ರೆ ಮುಚ್ಚಿಡಬೇಡಿ, ಬಾಟ್ಲಿನೇ ತಗೊಂಡೋಗಿ ತೋರಿಸಿ, ಎಷ್ಟು ದಿನ ಎಷ್ಟು ಸಲ ಅಂತ ಹೇಳಿ.

ಟೆಸ್ಟುಗಳು ಹೀಗಿರುತ್ತೆ: ರಕ್ತದ ಸ್ಮಿಯರ್, ಸೊಂಟದ ಮೂಳೆಯಿಂದ ಮಜ್ಜೆ ತೆಗೆಯೋದು, ಅದರಲ್ಲಿ ಯಾವ ಥರದ ಕೆಟ್ಟ ಕಣ ಅಂತ ಗುರುತಿಸೋ ಫ್ಲೋ ಸೈಟೋಮೆಟ್ರಿ, ಕ್ರೋಮೋಸೋಮ್ ಟೆಸ್ಟು, ಬೆನ್ನಿಂದ ನೀರು ತೆಗೆದು ನೋಡೋದು, ಎಕ್ಸ್‌ರೇ, ಹಾರ್ಟ್ ಎಕೋ. ಬೆನ್ನಿಂದ ನೀರು ತೆಗೆದ್ರೆ ಕಾಲು ಬಿದ್ದೋಗುತ್ತೆ ಅಂತ ಹೇಳೋರು ಪ್ರತಿ ವಾರ್ಡಲ್ಲೂ ಒಬ್ಬರು ಇರ್ತಾರೆ, ಸುಳ್ಳು. ಈ ಟ್ರೀಟ್ಮೆಂಟ್ ಮುಗಿಯೋದ್ರೊಳಗೆ ಪುಟ್ಟಿಗೆ ಹತ್ತಕ್ಕಿಂತ ಜಾಸ್ತಿ ಸಲ ಬೆನ್ನಿಗೆ ಇಂಜೆಕ್ಷನ್ ಆಗಿದೆ, ಈಗ ಕುಂಟೆಬಿಲ್ಲೆಯಲ್ಲಿ ನನ್ನನ್ನೇ ಸೋಲಿಸ್ತಾಳೆ.

ಮತ್ತು ಒಂದು ನೋಟ್‌ಬುಕ್ ಇಡಿ, ಇನ್ನೂರು ಪೇಜಿಂದು ದಪ್ಪ ರಟ್ಟಿಂದು. ಎಡಗಡೆ ತಾರೀಕು, ಕೌಂಟ್ಸು, ಜ್ವರ, ತೂಕ. ಬಲಗಡೆ ಯಾವ ಔಷಧಿ ಎಷ್ಟು ಅಂತ, ಡಾಕ್ಟ್ರು ಹೇಳಿದ್ದು, ನಾವು ಕೇಳ್ಬೇಕಾದ್ದು. ಫೈಲ್ ಆಸ್ಪತ್ರೇದು, ನೋಟ್‌ಬುಕ್ ನಮ್ಮದು. ರಾತ್ರಿ ಡ್ಯೂಟಿಗೆ ಹೊಸ ಡಾಕ್ಟ್ರು ಬಂದಾಗ ಐದು ನಿಮಿಷದಲ್ಲಿ ಪೂರ್ತಿ ಕಥೆ ಹೇಳೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಎಲ್ಲಿಗೆ ಕರ್ಕೊಂಡು ಹೋಗೋದು

ಎಲ್ಲರೂ ಮೊದಲು ಕೇಳೋದು ಬಾಂಬೆ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗ್ಬೇಕಾ ಅಂತ. ಎ.ಎಲ್.ಎಲ್.ಗೆ ಔಷಧಿಗಳು ಹೆಚ್ಚುಕಮ್ಮಿ ಎಲ್ಲಾ ಕಡೆ ಅವೇ, ವಿನ್‌ಕ್ರಿಸ್ಟಿನ್, ಡೆಕ್ಸಾ (ಇದೇ ಸ್ಟಿರಾಯ್ಡ್), ಆಸ್ಪರಾಜಿನೇಸ್, ಡೌನೋರುಬಿಸಿನ್, ಮೆಥೋಟ್ರೆಕ್ಸೇಟ್, 6-ಎಂಪಿ. ಬದಲಾಗೋದು ಎಷ್ಟು, ಯಾವಾಗ ಅನ್ನೋದು. ಹಾಗಾಗಿ ನನ್ನ ಅಭಿಪ್ರಾಯ ಹೇಳ್ತೀನಿ: ದೊಡ್ಡ ಹೆಸರಿಗಿಂತ ಮೂರು ವಿಷಯ ನೋಡಿ. ಮಕ್ಕಳ ಕ್ಯಾನ್ಸರ್‌ಗೇ ಅಂತ ಟ್ರೇನ್ ಆಗಿರೋ ಡಾಕ್ಟ್ರಿದ್ದಾರಾ, ಬ್ಲಡ್ ಬ್ಯಾಂಕ್ ಒಳಗೇ ಇದ್ಯಾ, ರಾತ್ರಿ ಮೂರಕ್ಕೆ ಹೋದ್ರೂ ಎಮರ್ಜೆನ್ಸಿಯಲ್ಲಿ ತಗೋತಾರಾ. ಇದು ಮೂರೂ ಇದ್ದು ಮನೆಗೆ ಹತ್ತಿರ ಇದ್ರೆ ಅದೇ ಒಳ್ಳೇದು, ಯಾಕಂದ್ರೆ ಎರಡು ವರ್ಷಕ್ಕೂ ಮೇಲೆ ಓಡಾಡ್ಬೇಕು.

ಬೆಂಗಳೂರಲ್ಲಿ ಕಿದ್ವಾಯಿ ಇದೆ, 1973ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಮಕ್ಕಳಿಗೇ ಬೇರೆ ವಿಭಾಗ ಇದೆ, ರಾಜ್ಯದ ಮೂಲೆ ಮೂಲೆಯಿಂದ ಜನ ಬರ್ತಾರೆ ಹಾಗಾಗಿ ರಶ್ಶೂ ಇರುತ್ತೆ. ಅಲ್ಲೇ ಹತ್ತಿರದಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಕೋರಮಂಗಲದ ಕಡೆ ಸೇಂಟ್ ಜಾನ್ಸ್, ಬೊಮ್ಮಸಂದ್ರದಲ್ಲಿ ನಾರಾಯಣ. ಕರಾವಳಿಯವರಿಗೆ ಮಣಿಪಾಲ, ಮಂಗಳೂರು ಇದೆ. ಎಲ್ಲೇ ಹೋಗಿ, ಒಂದು ಸಲ ಶುರು ಮಾಡಿದ ಮೇಲೆ ನಡುವೆ ಆಸ್ಪತ್ರೆ ಬದಲಾಯಿಸೋದು, ಅದಕ್ಕಿಂತ ಕೆಟ್ಟದ್ದು ಒಂದು ತಿಂಗಳು ನಾಟಿ ಔಷಧಿ ನೋಡಿ ಬರ್ತೀವಿ ಅಂತ ಹೋಗೋದು, ದಯವಿಟ್ಟು ಬೇಡ. ನಮ್ಮ ಪಕ್ಕದ ಬೆಡ್ಡಲ್ಲಿದ್ದ ಹುಡುಗ ಮೊದಲ ತಿಂಗಳ ಟ್ರೀಟ್ಮೆಂಟ್ ಮುಗಿದು ರಿಪೋರ್ಟ್ ಕ್ಲೀನ್ ಬಂದ್ಮೇಲೆ ಊರಿಗೆ ಹೋದ, ವಾಸಿಯಾಯ್ತಲ್ಲ ಅಂತ ಮನೆಯವರು ನಿಲ್ಲಿಸಿಬಿಟ್ರು. ಐದು ತಿಂಗಳಿಗೆ ವಾಪಸ್ ಬಂದಾಗ ಡಾಕ್ಟ್ರ ಮುಖ ನೋಡೋಕಾಗ್ತಿರಲಿಲ್ಲ.

ದುಡ್ಡಿನ ವಿಷ್ಯ, ನಾಚಿಕೆ ಬಿಟ್ಟು

ಅಡ್ಮಿಟ್ ಆದ ದಿನವೇ, ಸರ್ಕಾರಿ ಆರೋಗ್ಯ ಯೋಜನೆ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರ ಎಲ್ಲಿ ಕೂರ್ತಾರೆ ಅಂತ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೇಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಪ್ಯಾಕೇಜಿನ ಶೇ. 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದ ಹಾಗೆ. ಪ್ರೈವೇಟ್ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕಾಗುತ್ತೆ, ಎಮರ್ಜೆನ್ಸಿ ಬಿಟ್ಟು. ಇಲ್ಲಿ ಎಡವೋದು ಎಲ್ಲಿ ಗೊತ್ತಾ, ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿಸಿರಲ್ಲ, ಅಥವಾ ಆಧಾರಲ್ಲಿ ಒಂದು ಸ್ಪೆಲಿಂಗು ಕಾರ್ಡಲ್ಲಿ ಇನ್ನೊಂದು. ಇವತ್ತೇ ತೆಗೆದು ನೋಡಿ. ನಾವು ಈ ಒಂದು ತಪ್ಪಿಗೆ ಊರು ಬೆಂಗಳೂರು ಅಂತ ಮೂರು ಸಲ ಓಡಾಡಿದೀವಿ, ನಾನು ಓಡಾಡ್ತಿದ್ದಾಗ ಇವಳಮ್ಮ ಒಬ್ಬಳೇ ವಾರ್ಡಲ್ಲಿ. ರಾಜ್ಯ ಸರ್ಕಾರಿ ನೌಕರರಿಗೆ ಬೇರೆಯದೇ ಆರೋಗ್ಯ ಯೋಜನೆ ಇದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕೋದಾದ್ರೆ ಒರಿಜಿನಲ್ ಬಿಲ್ಲೆಲ್ಲಾ ಜೋಪಾನ, ಎಲ್ಲಾ ಕಾಗದಕ್ಕೂ ಮೊಬೈಲಲ್ಲಿ ಫೋಟೋ ತೆಗೆದಿಡಿ, ಥರ್ಮಲ್ ಪೇಪರಿನ ಬಿಲ್ಲಂತೂ ಆರು ತಿಂಗಳಿಗೆ ಅಕ್ಷರ ಅಳಿಸಿ ಬರೀ ಬಿಳಿ ಹಾಳೆ ಆಗಿಬಿಡುತ್ತೆ.

ರೈಲಿಗೆ ಕನ್ಸೆಷನ್ ಇದೆ ಅಂತ ನಮಗೆ ಎಂಟು ತಿಂಗಳು ಯಾರೂ ಹೇಳ್ಲಿಲ್ಲ. ಕ್ಯಾನ್ಸರ್ ಪೇಷೆಂಟ್ ಚಿಕಿತ್ಸೆಗೆ ಹೋಗಿಬರೋಕೆ ಸ್ಲೀಪರ್, 3ಎಸಿ ಪೂರ್ತಿ ಫ್ರೀ, ಜೊತೆಗೆ ಹೋಗೋ ಒಬ್ಬರಿಗೆ ಶೇ. 75 ಕಡಿತ. ರೈಲ್ವೇದೇ ಫಾರಂ ಇರುತ್ತೆ, ಆಸ್ಪತ್ರೇಲಿ ಡಾಕ್ಟ್ರ ಸಹಿ ಸೀಲು ಹಾಕಿಸ್ಕೊಂಡು ಕೌಂಟರಲ್ಲಿ ಕೊಡ್ಬೇಕು. ನಮ್ಮದು ಅರಸೀಕೆರೆ ಕಡೆ, ತಿಂಗಳಿಗೆ ಮೂರ್ನಾಲ್ಕು ಸಲ ಓಡಾಟ ಅಂದ್ರೆ ಲೆಕ್ಕ ಹಾಕಿ.

ಟ್ರೀಟ್ಮೆಂಟ್ ಹೇಗೆ ನಡೆಯುತ್ತೆ

ಮೊದಲ ಹಂತ ಇಂಡಕ್ಷನ್, ನಾಲ್ಕೈದು ವಾರ. ಇದು ಮುಗಿದಾಗ ಮತ್ತೆ ಮಜ್ಜೆ ತೆಗೆದು ಎಂಆರ್‌ಡಿ ಅನ್ನೋ ಟೆಸ್ಟ್ ಮಾಡ್ತಾರೆ, ಮೈಕ್ರೋಸ್ಕೋಪಿಗೆ ಕಾಣದಷ್ಟು ಕಮ್ಮಿ ಉಳಿದಿರೋ ಕೆಟ್ಟ ಕಣ ಹುಡುಕೋ ಟೆಸ್ಟು, ಮುಂದೆ ಎಷ್ಟು ಜೋರಾಗಿ ಕೊಡ್ಬೇಕು ಅನ್ನೋದು ಬಹಳಮಟ್ಟಿಗೆ ಇದರ ಮೇಲೇ ನಿಂತಿದೆ, ಆದ್ರಿಂದ ಮಾಡಿಸಿದ್ರಾ, ಎಷ್ಟು ಬಂತು ಅಂತ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಆಮೇಲೆ ಕೆಲವು ತಿಂಗಳು ಜೋರು ಕೀಮೋ, ಬೆನ್ನಿಗೆ ಇಂಜೆಕ್ಷನ್‌ಗಳು. ಮಾಮೂಲಿ ಕೀಮೋ ಮೆದುಳಿನ ನೀರಿಗೆ ಸರಿಯಾಗಿ ಇಳಿಯಲ್ಲ, ಅಲ್ಲಿ ಕಣ ಬಚ್ಚಿಟ್ಕೊಳ್ಳುತ್ತೆ, ಅದಕ್ಕೇ ಬೆನ್ನಿಗೆ. ಕೊನೇದು ಮೇಂಟೆನೆನ್ಸ್, ಮನೇಲಿ ಮಾತ್ರೆ ನುಂಗೋ ಹಂತ, ಅದೇ ಅತಿ ಉದ್ದ. ಒಟ್ಟು ಎರಡರಿಂದ ಎರಡೂವರೆ ವರ್ಷ.

ವಿನ್‌ಕ್ರಿಸ್ಟಿನ್ ಬರೋದು ನಿತ್ಯಪುಷ್ಪದ ಗಿಡದಿಂದ, ಕೆಲವು ಕಡೆ ಕಾಶಿಕಣಗಿಲೆ ಅಂತೀವಲ್ಲ, ನಮ್ಮ ಮನೆ ಕಾಂಪೌಂಡ್ ಪಕ್ಕದಲ್ಲೇ ತಾನಾಗೇ ಬೆಳೆದಿತ್ತು, ಅತ್ತೆ ದಿನಾ ದೇವರಿಗೆ ಏರಿಸ್ತಿದ್ದ ಹೂವು. ವಿಷ್ಯ ಗೊತ್ತಾದ ಮೇಲೆ ಅವರು ಆ ಗಿಡಕ್ಕೆ ಬೇರೆ ನೀರು ಹಾಕೋಕೆ ಶುರು ಮಾಡಿದ್ರು. ಆದ್ರೆ ಎಲೆ ಅರೆದು ಕುಡಿಸೋ ಐಡಿಯಾ ಯಾರಾದ್ರೂ ಕೊಟ್ಟ್ರೆ ಕೇಳಬೇಡಿ, ಅದು ವಿಷ, ಆಸ್ಪತ್ರೇಲಿ ಮೈ ಅಳತೆಗೆ ತಕ್ಕಂತೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡೋ ಔಷಧಿ. ಈ ಇಂಜೆಕ್ಷನ್ ನರಕ್ಕೆ ಮಾತ್ರ, ಬೆನ್ನಿಗೆ ಯಾವತ್ತೂ ಅಲ್ಲ, ತಪ್ಪಿ ಬೆನ್ನಿಗೆ ಹೋದ್ರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಎರಡೂ ಒಂದೇ ದಿನ ಇದ್ರೆ ಯಾವುದು ಎಲ್ಲಿಗೆ ಅಂತ ಕೇಳೋಕೆ ಸಂಕೋಚ ಪಡಬೇಡಿ, ಒಳ್ಳೆ ಸಿಸ್ಟರ್ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನರಕ್ಕೆ ಹೋಗ್ತಿರುವಾಗ ಮಗು ಉರಿ ಅಂದ್ರೆ ಆ ಕ್ಷಣವೇ ಕೂಗಿ ನಿಲ್ಲಿಸಿ, ಹೊರಗೆ ಸೋರಿದ್ರೆ ಚರ್ಮ ಸುಟ್ಟೋಗುತ್ತೆ.

ಮೆಥೋಟ್ರೆಕ್ಸೇಟ್ ಹಳದಿ ಬಣ್ಣದ ಔಷಧಿ. ಇದರ ಹಿಂದೆ ನಮ್ಮ ಕಡೆಯವರೇ ಒಬ್ಬರಿದ್ದಾರೆ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನೀಲಿ ಅವರ ತಂಡ ಮಾಡಿದ ಅಮಿನೋಪ್ಟೆರಿನ್ ಅನ್ನೋದನ್ನೇ ಬಾಸ್ಟನ್ನಿನ ಡಾಕ್ಟ್ರು ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟು, ಲುಕೇಮಿಯಾ ತಾತ್ಕಾಲಿಕವಾಗಿಯಾದ್ರೂ ಹಿಂದೆ ಸರಿಯುತ್ತೆ ಅಂತ 1948ರಲ್ಲಿ ತೋರಿಸಿದ್ದು. ಅದರ ತಮ್ಮನ ಥರದ್ದೇ ಮೆಥೋಟ್ರೆಕ್ಸೇಟ್. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಗು ವಾರಗಳಲ್ಲಿ, ತಿಂಗಳುಗಳಲ್ಲಿ ಹೋಗ್ತಿತ್ತು. ಆ ಹಳದಿ ಸಿರಿಂಜ್ ನೋಡಿದಾಗಲೆಲ್ಲ ನಾನು ಇದನ್ನೇ ನೆನೆಸ್ಕೋತಿದ್ದೆ.

ಡೆಕ್ಸಾ ಶುರುವಾದ್ರೆ ಮಗು ಬೇರೆ ಮಗು ಆಗುತ್ತೆ, ರೆಡಿ ಇರಿ. ಮುಖ ಊದಿ ಚಂದ್ರನ ಥರ, ಸಿಟ್ಟು, ಅಳು, ಹಸಿವು. ನಮ್ಮವಳು ರಾತ್ರಿ ಎರಡೂವರೆಗೆ ಎದ್ದು ಅನ್ನ, ತಿಳಿಸಾರು, ಹಪ್ಪಳ ಅಂತ ಕೂತ್ಕೊಳೋಳು, ಹಪ್ಪಳ ಅರ್ಧ ಮುರಿದಿದ್ರೆ ಅದಕ್ಕೂ ಅಳು. ಬಯ್ಬೇಡಿ, ಅದು ಔಷಧಿ ಮಾತಾಡೋದು. ಉಪ್ಪು ಸಕ್ಕರೆ ಮಾತ್ರ ಹಿಡಿತದಲ್ಲಿಡಿ ಯಾಕಂದ್ರೆ ಬಿಪಿ, ಶುಗರ್ ಏರುತ್ತೆ. ಸೆಡೇಶನ್ ಇರೋ ದಿನ ಊಟ ಹಾಲು ಆರು ಗಂಟೆ ಮೊದಲೇ ನಿಲ್ಲಿಸ್ಬೇಕು, ಬರೀ ನೀರು ಎರಡು ಗಂಟೆ ಮೊದಲಿನ ತನಕ ಕೊಡಬಹುದು ಅಂತಾರೆ, ಡೆಕ್ಸಾ ಹಸಿವು ಮತ್ತು ಈ ಉಪವಾಸ ಎರಡೂ ಒಟ್ಟಿಗೆ ಬಂದ ಬೆಳಿಗ್ಗೆ ಪಕ್ಕದ ಬೆಡ್ಡಿನ ಮಗು ಬಿಸ್ಕೆಟ್ ತಿಂತಾ ಕೂತಿದ್ರೆ ಅದಕ್ಕಿಂತ ನರಕ ಇಲ್ಲ, ಕಾರಿಡಾರಿಗೆ ಕರ್ಕೊಂಡು ಹೋಗಿಬಿಡಿ.

ಜ್ವರ ಬಂದ ರಾತ್ರಿ

ಈ ಲೇಖನದಲ್ಲಿ ಬೇರೇನು ಮರೆತ್ರೂ ಇದನ್ನ ಮರೀಬೇಡಿ.

ಕೀಮೋ ಕೆಟ್ಟ ಕಣದ ಜೊತೆ ಒಳ್ಳೆ ಬಿಳಿ ರಕ್ತಕಣಾನೂ ಹೊಡೆಯುತ್ತೆ. ಇನ್ಫೆಕ್ಷನ್ ತಡೆಯೋದು ನ್ಯೂಟ್ರೋಫಿಲ್, ಅದರ ಲೆಕ್ಕಕ್ಕೆ ಎಎನ್‌ಸಿ ಅಂತಾರೆ. ನೀವೇ ಹಾಕ್ಬಹುದು: ಟೋಟಲ್ ಕೌಂಟನ್ನ ನ್ಯೂಟ್ರೋಫಿಲ್ ಪರ್ಸೆಂಟಿಂದ ಗುಣಿಸಿ ನೂರರಿಂದ ಭಾಗಿಸಿ. ಟೋಟಲ್ 1,200, ನ್ಯೂಟ್ರೋಫಿಲ್ 20 ಅಂದ್ರೆ ಎಎನ್‌ಸಿ 240. ಕೆಲವು ಲ್ಯಾಬ್ ರಿಪೋರ್ಟಲ್ಲಿ ನ್ಯೂಟ್ರೋಫಿಲ್ ಬದಲು ಪಾಲಿಮಾರ್ಫ್ಸ್ ಅಂತ ಇರುತ್ತೆ, ಅದೇ ಇದು. 500ಕ್ಕಿಂತ ಕೆಳಗೆ ಹೋದ್ರೆ ಮಗುವಿಗೆ ಕಾವಲೇ ಇಲ್ಲ ಅಂತ ಅರ್ಥ. ಆಗ 100.4 ಡಿಗ್ರಿ ಜ್ವರ ಬಂತು ಅಂದ್ರೆ ಅದು ಮಾಮೂಲಿ ಜ್ವರ ಅಲ್ಲ, ಎಮರ್ಜೆನ್ಸಿ. ಆಸ್ಪತ್ರೆ ಬಾಗಿಲು ತುಳಿದ ಒಂದು ಗಂಟೆ ಒಳಗೆ ನರಕ್ಕೆ ಆಂಟಿಬಯಾಟಿಕ್ ಹೋಗ್ಬೇಕು.

ನಾವು ಏನು ಮಾಡಿದ್ವಿ? ಮೂರನೇ ತಿಂಗಳು, ಮನೇಲಿದ್ವಿ. ರಾತ್ರಿ ಹನ್ನೊಂದಕ್ಕೆ ಮೈ ಬಿಸಿ ಅನ್ನಿಸ್ತು, ಥರ್ಮಾಮೀಟರ್ ಸೆಲ್ ಹೋಗಿತ್ತು, ಕೈಯಲ್ಲೇ ಮುಟ್ಟಿ ನೋಡಿ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು, ಬೆಳಿಗ್ಗೆ ಟ್ರೇನಿಗೆ ಹೋಗೋಣ ಅಂದೆ. ಹೌದು ನಾನೇ ಅಂದಿದ್ದು. ಸಿರಪ್ಪಿಗೆ ಬಿಸಿ ಇಳೀತು, ನಾವೂ ಮಲಗಿದ್ವಿ. ನಾಲ್ಕೂವರೆಗೆ ನೋಡಿದ್ರೆ ಕೈಕಾಲು ತಣ್ಣಗೆ, ಕರೆದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ಚೋಳು. ಆಮೇಲೆ ಒಂಬತ್ತು ದಿನ ಐಸಿಯು. ಬದುಕಿದ್ಲು. ಡಾಕ್ಟ್ರು ಬೈಲಿಲ್ಲ, ಒಂದೇ ಮಾತು ಹೇಳಿದ್ರು, ಕ್ಯಾನ್ಸರಿಗಿಂತ ಇದಕ್ಕೇ ನಾನು ಹೆಚ್ಚು ಹೆದರ್ತೀನಿ ಅಂತ.

ಅದರಿಂದ ಕಲಿತದ್ದು ಹೀಗಿದೆ. ಕಂಕುಳಲ್ಲಿ ಅಥವಾ ಬಾಯಲ್ಲಿ ಟೆಂಪರೇಚರ್ ನೋಡಿ, ಗುದದಲ್ಲಿ ಬೇಡ, ಗಾಯವಾದ್ರೆ ಅಲ್ಲಿಂದಲೇ ಇನ್ಫೆಕ್ಷನ್. ಮೊದಲು ಅಳತೆ, ಆಮೇಲೆ ಫೋನು, ಡಾಕ್ಟ್ರು ಹೇಳಿದ ಮೇಲಷ್ಟೇ ಪ್ಯಾರಾಸಿಟಮಾಲ್, ಇಲ್ಲಾಂದ್ರೆ ಜ್ವರ ಮುಚ್ಚಿಹೋಗಿ ನಮ್ಮ ಹಾಗೆ ಮೋಸ ಹೋಗ್ತೀರಿ. ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಲೇಬೇಡಿ, ರಕ್ತ ಸೋರುತ್ತೆ. ಡೆಕ್ಸಾದಲ್ಲಿದ್ರೆ ಜ್ವರವೇ ಬರದೇ ಮಗು ಮಂಕಾಗಬಹುದು, ಆಟ ಬಿಟ್ಟು ಮಲಗೋದು, ಮೈ ನಡುಗೋದು, ಹೊಟ್ಟೆನೋವು, ಇಷ್ಟಿದ್ರೆ ಥರ್ಮಾಮೀಟರ್ ಏನೇ ಹೇಳಿದ್ರೂ ಹೊರಡಿ.

ದೂರದ ಊರಿನವರಿಗೆ ಇನ್ನೊಂದು. ನಿಮ್ಮ ಡಾಕ್ಟ್ರ ಹತ್ರ ಲೆಟರ್‌ಹೆಡ್ಡಲ್ಲಿ ಒಂದು ಪತ್ರ ಬರೆಸ್ಕೊಳ್ಳಿ: ಈ ಮಗು ಕೀಮೋದಲ್ಲಿದೆ, ಜ್ವರ ಬಂದ್ರೆ ಸಿಬಿಸಿ, ಬ್ಲಡ್ ಕಲ್ಚರ್ ತೆಗೆದು, ರಿಪೋರ್ಟಿಗೆ ಕಾಯದೇ ಇಂಥ ಆಂಟಿಬಯಾಟಿಕ್ ಇಷ್ಟು ಡೋಸು ನರಕ್ಕೆ ಕೊಟ್ಟು ಕಳಿಸಿ, ಸೊಂಟಕ್ಕೆ ಇಂಜೆಕ್ಷನ್ ಬೇಡ, ಈ ನಂಬರಿಗೆ ಫೋನ್ ಮಾಡಿ, ಅಂತ. ಅದನ್ನ ಲ್ಯಾಮಿನೇಶನ್ ಮಾಡಿಸಿ. ಜ್ವರ ಇಲ್ಲದ ದಿನವೇ ತಾಲ್ಲೂಕು ಆಸ್ಪತ್ರೆಗೋ ಹತ್ತಿರದ ನರ್ಸಿಂಗ್ ಹೋಮಿಗೋ ಹೋಗಿ ತೋರಿಸಿ, ರಾತ್ರಿ ಬಂದ್ರೆ ಕೊಡ್ತೀರಾ ಅಂತ ಕೇಳ್ಕೊಂಡು ಬನ್ನಿ. ನಾವು ಆಮೇಲೆ ನಾಲ್ಕು ಸಲ ಹೀಗೆ ಮೊದಲ ಡೋಸ್ ಊರಲ್ಲೇ ಹಾಕಿಸಿ ಆಂಬುಲೆನ್ಸಲ್ಲಿ ಹೋಗಿದೀವಿ, ನಾಲ್ಕೂ ಸಲ ವಾರ್ಡಿಂದಲೇ ಮನೆಗೆ ಬಂದ್ಲು.

ರಕ್ತ ಕೊಡೋರ ಲಿಸ್ಟು

ಪ್ಲೇಟ್‌ಲೆಟ್ ಐದು ದಿನ ಮಾತ್ರ ಇಡೋಕಾಗೋದು, ಅದೂ ಫ್ರಿಜ್ಜಲ್ಲಲ್ಲ, ರೂಂ ಟೆಂಪರೇಚರಲ್ಲಿ ಅಲ್ಲಾಡಿಸ್ತಾ. ಹಾಗಾಗಿ ಬ್ಲಡ್ ಬ್ಯಾಂಕಲ್ಲಿ ಯಾವಾಗಲೂ ಸ್ಟಾಕ್ ಇರುತ್ತೆ ಅಂತ ನಂಬಬೇಡಿ. ಪುಟ್ಟಿಗೆ ಹೀಗಂತೆ ಅಂತ ಗೊತ್ತಾದ ತಕ್ಷಣ ನಮ್ಮ ಊರಿಂದ ಒಂದು ಟೆಂಪೋ ಟ್ರಾವೆಲರ್ ತುಂಬಾ ಜನ ಬಂದು ಒಂದೇ ದಿನ ಹದಿನಾಲ್ಕು ಜನ ರಕ್ತ ಕೊಟ್ಟು ಹೋದ್ರು, ಪ್ರೀತಿ ದೊಡ್ಡದು, ಆದ್ರೆ ಹತ್ತು ದಿನ ಆದ್ಮೇಲೆ ಪ್ಲೇಟ್‌ಲೆಟ್ ಬೇಕಾದಾಗ ಒಬ್ಬರೂ ಕೊಡೋ ಹಾಗಿಲ್ಲ. ಒಂದು ಸಲ ರಕ್ತ ಕೊಟ್ಟ ಗಂಡಸರು ಮತ್ತೆ ರಕ್ತ ಕೊಡೋಕೆ ಮೂರು ತಿಂಗಳು ಕಾಯ್ಬೇಕು, ಹೆಂಗಸರು ನಾಲ್ಕು, ಮಷೀನಲ್ಲಿ ಪ್ಲೇಟ್‌ಲೆಟ್ ಮಾತ್ರ ಕೊಡೋಕೂ ತಕ್ಷಣಕ್ಕೆ ತಗೊಳ್ಳಲ್ಲ. ಅದೇ ಮೊದಲೇ ಪ್ಲೇಟ್‌ಲೆಟ್ ಮಾತ್ರ ಕೊಟ್ಟಿದ್ರೆ, ಅದಕ್ಕೆ ಎಸ್‌ಡಿಪಿ ಅಂತಾರೆ, ಎರಡು ದಿನ ಬಿಟ್ಟು ಮತ್ತೆ ಕೊಡಬಹುದು. ಅದಕ್ಕೆ ತೂಕ 50 ಕೆಜಿ ಮೇಲಿರ್ಬೇಕು, ಹಿಮೋಗ್ಲೋಬಿನ್ 12.5 ಇರ್ಬೇಕು, ಕೈ ನರ ದಪ್ಪ ಇರ್ಬೇಕು, ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು.

ವಾಟ್ಸಾಪಲ್ಲಿ ಹತ್ತು ಹನ್ನೆರಡು ಜನರ ಗ್ರೂಪ್ ಮಾಡಿ, ಬೆಂಗಳೂರಲ್ಲೇ ಕೆಲಸ ಮಾಡೋ ಊರಿನ ಹುಡುಗರನ್ನ ಹಾಕಿ, ಯಾರು ಯಾವಾಗ ಕೊಟ್ರು ಅಂತ ಬರೆದಿಡಿ, ಒಬ್ಬೊಬ್ಬರನ್ನೇ ಕರೀರಿ. ಮುಂದೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗೋ ಸಾಧ್ಯತೆ ಇದ್ರೆ ಅಪ್ಪ ಅಮ್ಮ ಅಣ್ಣ ತಮ್ಮ ರಕ್ತ ಕೊಡಬಾರದು, ಮಗುವಿನ ಮೈ ನಿಮ್ಮ ಕಣಗಳ ವಿರುದ್ಧ ಮೊದಲೇ ತಿರುಗಿ ನಿಲ್ಲುತ್ತೆ. ಈ ಮಕ್ಕಳಿಗೆ ಕೊಡೋ ರಕ್ತ ಇರ‍್ರೇಡಿಯೇಟ್ ಮಾಡಿದ್ದಾ, ಅಂದ್ರೆ ವಿಕಿರಣ ಹಾಯಿಸಿದ್ದಾ, ಅಂತಲೂ ಒಂದು ಮಾತು ಕೇಳಿ.

ಮನೆ, ಅಡಿಗೆ, ಅಜ್ಜಿ

ಬಿಸಿ ಊಟ, ಕಾಯಿಸಿ ಆರಿಸಿದ ನೀರು, ಸಿಪ್ಪೆ ಸುಲಿಯೋ ಹಣ್ಣು. ಇಷ್ಟೇ ರೂಲು. ಬಾಳೆಹಣ್ಣು, ಕಿತ್ತಳೆ ಸರಿ, ದ್ರಾಕ್ಷಿ ಬೇಡ. ಹಸಿ ಕೋಸಂಬರಿ, ರಸ್ತೆ ಬದಿ ಪಾನಿಪೂರಿ, ಕಬ್ಬಿನ ಹಾಲು, ದೇವಸ್ಥಾನದ ತೀರ್ಥ ಬೇಡ, ಅತ್ತೆಗೆ ತೀರ್ಥದ ವಿಷ್ಯದಲ್ಲಿ ಬಹಳ ಬೇಜಾರಾಯ್ತು, ಕೊನೆಗೆ ತಲೆ ಮೇಲೆ ಪ್ರೋಕ್ಷಣೆ ಸಾಕು ಅಂತ ಒಪ್ಪಂದ ಆಯ್ತು. ಪಪ್ಪಾಯ ಎಲೆ ರಸ, ಅಮೃತಬಳ್ಳಿ, ಗೋಮೂತ್ರ, ಯಾರ್ಯಾರೋ ಫಾರ್ವರ್ಡ್ ಮಾಡಿದ ಪುಡಿ, ಯಾವುದೂ ಡಾಕ್ಟ್ರಿಗೆ ಹೇಳದೇ ಕೊಡಬೇಡಿ, ಲಿವರ್ ಈಗಾಗ್ಲೇ ಕೀಮೋ ಹೊತ್ಕೊಂಡು ಸುಸ್ತಾಗಿರುತ್ತೆ. ಬಾಯಿ ಹುಣ್ಣಿಗೆ ಉಪ್ಪುನೀರು ಮುಕ್ಕಳಿಸೋದು, ಮೆತ್ತನೆ ಬ್ರಷ್. ವಿನ್‌ಕ್ರಿಸ್ಟಿನ್ ಮಲ ಗಟ್ಟಿ ಮಾಡುತ್ತೆ, ಎರಡು ದಿನ ಹೋಗಿಲ್ಲ ಅಂದ್ರೆ ಸಿರಪ್ ಕೇಳಿ, ಎನಿಮಾ ನೀವಾಗೇ ಕೊಡಬೇಡಿ.

ಪಲ್ಸ್ ಪೋಲಿಯೋ ದಿನ ಆಶಾ ಅಕ್ಕ ಮನೆಗೆ ಬರ್ತಾರೆ. ಕೀಮೋದಲ್ಲಿರೋ ಮಗುಗೆ ಹನಿ ಬೇಡ, ಅದೇ ಮನೇಲಿರೋ ಅಣ್ಣ ತಂಗಿಗೂ ಬೇಡ, ಅದು ಜೀವಂತ ವೈರಸ್, ಅವರಿಗೆ ಪೋಲಿಯೋ ಇಂಜೆಕ್ಷನ್ ಕೇಳಿ. ಪಕ್ಕದ ಮನೇಲಿ ಅಥವಾ ಸ್ಕೂಲಲ್ಲಿ ಯಾರಿಗಾದ್ರೂ ಅಮ್ಮ ಆಗಿದ್ರೆ, ಅಂದ್ರೆ ಚಿಕನ್‌ಪಾಕ್ಸ್, ಅಥವಾ ದಡಾರ ಆಗಿದ್ರೆ, ಗೊತ್ತಾದ ದಿನವೇ ಡಾಕ್ಟ್ರಿಗೆ ಫೋನು, ಗುಳ್ಳೆ ಬರ್ಲಿ ನೋಡೋಣ ಅಂತ ಕಾಯೋ ಹಾಗಿಲ್ಲ, ತಡೆಯೋ ಮದ್ದು ಮೊದಲ ನಾಲ್ಕು ದಿನದೊಳಗೆ ಕೊಟ್ರೆ ಒಳ್ಳೇದು.

ಇನ್ನೊಂದು ಮಗು ಇದ್ರೆ ಅವನನ್ನ ಮರೀಬೇಡಿ. ನಮ್ಮ ದೊಡ್ಡವನು ಎರಡು ವರ್ಷ ಅಜ್ಜಿ ಮನೇಲಿ ಬೆಳೆದ, ಒಂದಿನ ಫೋನಲ್ಲಿ, ಅಪ್ಪ ನಂಗೂ ಜ್ವರ ಬಂದ್ರೆ ನೀನು ಬರ್ತೀಯಾ ಅಂದ.

ಮೇಂಟೆನೆನ್ಸ್: ಜನ ಎಡವೋ ಜಾಗ

ಕೂದಲು ಬಂತು, ಸ್ಕೂಲಿಗೆ ಹೋಗ್ತಿದೆ, ಮಗು ಚೆನ್ನಾಗಿದೆ, ಈ ಮಾತ್ರೆ ಯಾಕೆ ಅನ್ನಿಸೋ ಹಂತ ಇದು. 6-ಎಂಪಿ ದಿನಾ ರಾತ್ರಿ, ಒಂದೇ ಹೊತ್ತಿಗೆ. ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ಮತ್ತೆ ಹೇಳ್ತೀನಿ, ವಾರಕ್ಕೆ ಒಂದೇ ದಿನ, ದಿನಾ ಕೊಟ್ಟು ಪ್ರಾಣ ಹೋದ ಉದಾಹರಣೆಗಳಿವೆ. ನಾವು ಕಿರಾಣಿ ಅಂಗಡಿಯವರು ಕೊಟ್ಟ ಗಣೇಶನ ಕ್ಯಾಲೆಂಡರಲ್ಲಿ ಪ್ರತಿ ಗುರುವಾರ ಕೆಂಪು ರೌಂಡ್ ಹಾಕಿ, ಕೊಟ್ಟ ಮೇಲೆ ಪುಟ್ಟಿನೇ ಅದಕ್ಕೆ ಟಿಕ್ ಹಾಕೋ ಹಾಗೆ ಮಾಡಿದ್ವಿ. ಸೆಪ್ಟ್ರಾನ್ ವಾರದಲ್ಲಿ ಎರಡು ಮೂರು ದಿನ ಕೊಡೋಕೆ ಹೇಳಿರ್ತಾರೆ, ಶ್ವಾಸಕೋಶದ ಒಂದು ಇನ್ಫೆಕ್ಷನ್ ತಡೆಯೋಕೆ, ಅದು ಸಾದಾ ಮಾತ್ರೆ ಅಂತ ಬಿಡಬೇಡಿ. ಕೀಮೋ ಮಾತ್ರೆ ಕೈಯಲ್ಲಿ ಮುರಿಯೋದಾದ್ರೆ ಗ್ಲೌಸ್ ಹಾಕಿ, ಅಡಿಗೆ ಮನೆ ಕುಟ್ಟಾಣಿಲಿ ಕುಟ್ಟಬೇಡಿ, ಬಸುರಿ ಹೆಂಗಸರು ಮುಟ್ಟೋದೇ ಬೇಡ. ವಾಂತಿ ಮಾಡಿದ್ರೆ ಮತ್ತೆ ಕೊಡ್ಬೇಕಾ ಅಂತ ಫೋನ್ ಮಾಡಿ ಕೇಳಿ, ಮಾರನೇ ದಿನ ಡಬಲ್ ಕೊಡಬೇಡಿ.

ಕ್ಯಾನ್ಸರ್ ಅಲ್ಲ, ರಕ್ತದ ಕಾಯಿಲೆ ಅಂದ್ರೆ

ಡೇ ಕೇರಲ್ಲಿ ನಮ್ಮ ಪಕ್ಕ ಕೂರ್ತಿದ್ದ ಅರ್ಧ ಮಕ್ಕಳು ಕ್ಯಾನ್ಸರಿನವರಲ್ಲ, ಥಲಸ್ಸೀಮಿಯಾದವರು, ಅಂದ್ರೆ ಹುಟ್ಟಿಂದಲೇ ಮೈಯಲ್ಲಿ ಸರಿಯಾಗಿ ರಕ್ತ ಆಗದ ಕಾಯಿಲೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ, ಜೀವನ ಪೂರ್ತಿ. ಅಲ್ಲಿ ಅಪಾಯ ಬೇರೆ: ಪ್ರತಿ ಬಾಟ್ಲಿ ರಕ್ತದ ಜೊತೆ ಕಬ್ಬಿಣ ಮೈಗೆ ಸೇರಿ ಹಾರ್ಟು ಲಿವರಲ್ಲಿ ಕೂರುತ್ತೆ. ಆದ್ರಿಂದ ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಟೆಸ್ಟ್ ತಪ್ಪಿಸಬೇಡಿ, 1,000 ದಾಟೋ ಹೊತ್ತಿಗೆ ಕಬ್ಬಿಣ ಹೊರಹಾಕೋ ಡೆಫೆರಾಸಿರಾಕ್ಸ್ ಥರದ ಔಷಧಿ ಶುರು ಆಗಿರ್ಬೇಕು. ಬಿಳಿಚಿಕೊಂಡಿದೆ ಅಂತ ಐರನ್ ಟಾನಿಕ್ ಕೊಡೋದು ಇವರಿಗೆ ವಿಷ ಕೊಟ್ಟ ಹಾಗೆ. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್, ಅಂದ್ರೆ ತಮಗೆ ಕಾಯಿಲೆ ಇಲ್ಲದೇ ಅದನ್ನ ಹೊತ್ತಿರೋರು, ಆಗಿದ್ರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಭಾಗ ಮಗುಗೆ ಬರೋ ಸಾಧ್ಯತೆ, ಎಚ್‌ಬಿಎ2 ಅನ್ನೋ ಒಂದು ರಕ್ತ ಪರೀಕ್ಷೇಲಿ ಗೊತ್ತಾಗುತ್ತೆ, ಎರಡನೇ ಮಗು ಯೋಚನೆ ಮಾಡೋ ಮೊದಲೇ ಮಾಡಿಸಿ, ಸೋದರಮಾವನ ಕಡೆ ಮದುವೆ ಆಗಿರೋರಂತೂ ಮಾಡಿಸಲೇಬೇಕು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಆದ್ರೆ ದಾವಣಗೆರೆಯ ಕರ್ನಾಟಕ ಹಿಮೋಫೀಲಿಯಾ ಸೊಸೈಟಿಯನ್ನ ಒಂದು ಸಲ ನೋಡಿ ಬನ್ನಿ, ಕೀಲು ಊದಿದಾಗ ಮೊದಲು ರಕ್ತ ಹೆಪ್ಪುಗಟ್ಟಿಸೋ ಫ್ಯಾಕ್ಟರ್ ಇಂಜೆಕ್ಷನ್, ಆಮೇಲೆ ಎಕ್ಸ್‌ರೇ ಗಿಕ್ಸ್‌ರೇ. ಥಲಸ್ಸೀಮಿಯಾ, ಹಿಮೋಫೀಲಿಯಾ, ಸಿಕಲ್ ಸೆಲ್ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯಲ್ಲಿವೆ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಎಲ್ಲಾ ಮುಗಿದ ದಿನ

ಕೊನೇ ಮಾತ್ರೆ ನುಂಗಿದ ದಿನ ವಾರ್ಡಲ್ಲಿ ಗಂಟೆ ಬಾರಿಸ್ತಾರೆ, ಫೋಟೋ ತೆಗೀತಾರೆ, ಅಳ್ತೀವಿ. ಆ ಗಲಾಟೇಲಿ ಮರೆಯೋದು ಟ್ರೀಟ್ಮೆಂಟ್ ಸಮರಿ. ಯಾವ ಔಷಧಿ ಒಟ್ಟು ಎಷ್ಟು ಕೊಟ್ರು, ಮುಖ್ಯವಾಗಿ ಡೌನೋರುಬಿಸಿನ್ ಥರದ ಕೆಂಪು ಔಷಧಿ ಒಟ್ಟು ಎಷ್ಟಾಯ್ತು ಅಂತ ಒಂದು ಹಾಳೆಯಲ್ಲಿ ಬರೆಸ್ಕೊಳ್ಳಿ, ಅದು ಹಾರ್ಟಿನ ಮೇಲೆ ವರ್ಷಗಳಾದ ಮೇಲೂ ಪರಿಣಾಮ ಮಾಡಬಹುದು, ಆಗಾಗ ಎಕೋ ಬೇಕಾಗುತ್ತೆ, ಇಪ್ಪತ್ತು ವರ್ಷ ಆದ್ಮೇಲೆ ಅವಳನ್ನ ನೋಡೋ ಡಾಕ್ಟ್ರಿಗೆ ಇದೊಂದೇ ಆಧಾರ. ಆರು ತಿಂಗಳಾದ ಮೇಲೆ ಲಸಿಕೆಗಳನ್ನ ಮತ್ತೆ ಹಾಕಿಸೋ ಪಟ್ಟಿ ಕೇಳಿ. ಕೀಮೋ ಕೊಡೋಕೆ ಚರ್ಮದ ಕೆಳಗೆ ಪೋರ್ಟ್ ಹಾಕಿದ್ರೆ ಯಾವಾಗ ತೆಗೀತಾರೆ, ಅಲ್ಲಿತನಕ ಎಷ್ಟು ದಿನಕ್ಕೊಮ್ಮೆ ಫ್ಲಶ್ ಮಾಡಿಸ್ಬೇಕು ಅಂತ ಕೇಳಿ. ಸಮರಿ ಹಾಳೆದು ನಮ್ಮಲ್ಲಿ ಮೂರು ಜೆರಾಕ್ಸ್ ಇದೆ, ಒಂದು ಬೀರುವಲ್ಲಿ, ಒಂದು ಅಜ್ಜಿ ಮನೇಲಿ, ಇನ್ನೊಂದನ್ನ ಪುಟ್ಟಿ ತನ್ನ ಪರೀಕ್ಷೆ ಮಾರ್ಕ್ಸ್ ಕಾರ್ಡ್ ಅಂದ್ಕೊಂಡು ಕ್ರೇಯಾನಲ್ಲಿ ನೂರಕ್ಕೆ ನೂರು ಬರೆದು ಇಟ್ಕೊಂಡಿದಾಳೆ.